ಅಕ್ಕರೆಗೂ ಒಂದು ಅಳತೆ ಇರಲಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳವೆಂದೇ ಹೇಳಬೇಕು. ವಿಜಯನಗರದಲ್ಲಿ ಇಲಿಗಳ ಹಾವಳಿ ಮಿತಿಮೀರಿದಾಗ ಕೃಷ್ಣದೇವರಾಯನು ಮನೆಮನೆಗೆ ಒಂದೊಂದು ಬೆಕ್ಕನ್ನೂ, ಆ ಬೆಕ್ಕಿನ ಹಾಲಿಗೆಂದು ಒಂದೊಂದು ಹಸುವನ್ನೂ ಕೊಡಿಸಿದನಂತೆ. ಚತುರನಾದ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನಂತೆ. ಬಾಯಿ ಸುಟ್ಟುಕೊಂಡ ಆ ಪ್ರಾಣಿ ಅಂದಿನಿಂದ ಹಾಲಿನ ಬಟ್ಟಲನ್ನು ಕಂಡೊಡನೆ ಓಟ ಕೀಳತೊಡಗಿತು. ಹಸುವಿನ ಹಾಲೆಲ್ಲವೂ ಮನೆಯವರ ಪಾಲಾಯಿತು. ಪರೀಕ್ಷೆಯ ದಿನ ಊರಿನ ಬೆಕ್ಕುಗಳೆಲ್ಲ ಗುಂಡಗೆ ಬಂದು ನಿಂತರೆ ರಾಮಕೃಷ್ಣನ ಬೆಕ್ಕೊಂದೇ ಬಡಕಲಾಗಿ ನಿಂತಿತಂತೆ.

ಇದು ಜನರ ಬಾಯಲ್ಲಿ ಉಳಿದು ಬಂದ ಕಥೆಯೇ ಹೊರತು ಇತಿಹಾಸವಲ್ಲ. ಆದರೂ ಆ ರಾಜಧಾನಿಯ ಎದುರು ದಡದ ಆನೆಗೊಂದಿಯು ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿಯೇ ಇರುವುದರಿಂದ ಈ ಭಾಗದವರಿಗೆ ಅದು ನೆರೆಮನೆಯ ಸುದ್ದಿಯಷ್ಟೇ ಆಪ್ತವಾದುದು. ಬಾಲ್ಯದಲ್ಲಿ ಆ ಕಥೆ ಕೇಳಿದಾಗಲೆಲ್ಲ ನಾವು ಬಡಕಲು ಬೆಕ್ಕಿಗಾಗಿ ಮರುಗಿದ್ದೆವು. ಉಳಿದ ಬೆಕ್ಕುಗಳ ಗತಿಯೇನಾಯಿತೆಂದು ನಮಗೆ ಹೊಳೆದಿರಲಿಲ್ಲ. ದಿನವೂ ಹಾಲು ಕುಡಿದು ಗುಂಡಗಾದ ಆ ಬೆಕ್ಕುಗಳು ಇಲಿ ಹಿಡಿದವೇ? ಸುಖವಾಗಿ ಬಾಳಿದವೇ? ಕುದಿಯುವ ಹಾಲಿಟ್ಟದ್ದು ಕ್ರೌರ್ಯವೇ ಸರಿ. ಆದರೆ ಬಟ್ಟಲು ಬರಿದಾಗದಂತೆ ತುಂಬಿಸುತ್ತಲೇ ಹೋಗುವುದು ಅಕ್ಕರೆಯೇ? ಈ ಪ್ರಶ್ನೆಯನ್ನು ನಮಗೆ ಕೇಳಿದವಳು ನಮ್ಮ ಮನೆಯ ಬೆಕ್ಕು ಬೆಳ್ಳಿ. ಅವಳಿಂದ ನಾವು ಕಲಿತದ್ದನ್ನು ಬೆಕ್ಕು ಸಾಕಿದ ಇತರ ಮನೆಗಳವರೊಡನೆ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಕಾಳಿನ ಕಾವಲಿಗೆ ಬಂದವಳು

ಹೆಸರಿನಲ್ಲಿಯೇ ಗಡವನ್ನು ಹೊತ್ತಿರುವ ಇರಕಲ್ಲಗಡ ನಮ್ಮ ಊರು. ಜೋಳ, ಸಜ್ಜೆ ಬೆಳೆಯುವ ಮನೆಗಳಿಗೆ ಇಲಿಗಳ ಕಾಟ ಹೊಸದೇನಲ್ಲ. ನೆಲದಡಿಯ ಹಗೇವುಗಳಲ್ಲಿ ಕಾಳು ತುಂಬಿಡುತ್ತಿದ್ದ ಕಾಲ ಹೋಗಿ, ಚೀಲಗಳು ಪಡಸಾಲೆಯ ಮೂಲೆಗೆ ಬಂದು ಕುಳಿತ ಮೇಲಂತೂ ಬೆಕ್ಕಿಲ್ಲದ ಮನೆಯಲ್ಲಿ ಚೀಲಕ್ಕೆ ತೂತು ತಪ್ಪಿದ್ದಲ್ಲ. ಮನುಷ್ಯನಿಗೂ ಬೆಕ್ಕಿಗೂ ಸ್ನೇಹ ಬೆಳೆದದ್ದೇ ಹೀಗೆ ಎಂದು ವಿದ್ವಾಂಸರು ಹೇಳುತ್ತಾರೆ. ಬೇಸಾಯ ಕಲಿತ ಮನುಷ್ಯ ಕಾಳು ಕೂಡಿಟ್ಟನು. ಕಾಳಿಗೆ ಇಲಿ ಬಂದಿತು. ಇಲಿಯ ಬೆನ್ನು ಹತ್ತಿ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಊರೊಳಗೆ ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯದಾದ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನೂ ಹೂಳಿದ್ದು ಕಂಡುಬಂದುದನ್ನು 2004ರಲ್ಲಿ ಪುರಾತತ್ವಜ್ಞರು ಪ್ರಕಟಿಸಿದರು. ಕೆಲಸಕ್ಕೆಂದು ಬಂದ ಪ್ರಾಣಿ ಕುಟುಂಬದ ಸದಸ್ಯನೇ ಆಗಿಬಿಡುವುದು ಇಂದು ನಿನ್ನೆಯ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಬೆಳ್ಳಿಯೂ ಹಾಗೆಯೇ ಬಂದವಳು. ನೆರೆಮನೆಯ ಬೆಕ್ಕು ಹಾಕಿದ ಮರಿಗಳಲ್ಲಿ ಬಿಳಿ ಮೈಯ ಒಂದನ್ನು ನಮ್ಮ ತಂದೆಯವರು ಟವೆಲ್ಲಿನಲ್ಲಿ ಸುತ್ತಿ ತಂದರು. ವರ್ಷ ತುಂಬುವುದರೊಳಗೆ ಮನೆಯ ಇಲಿಗಳು ಮಾಯವಾದವು. ಮುಂದೆ ಮರಿಗಳ ಸಂಖ್ಯೆ ಕೈಮೀರಬಾರದೆಂದು ಅವಳಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು.

ತಂದೆಯವರಿಗೆ ಒಂದು ರೂಢಿಯಿದ್ದಿತು. ತಾಟಿನಲ್ಲಿ ಬಡಿಸಿಕೊಂಡುದು ಪ್ರಸಾದ. ಅದರಲ್ಲಿ ಒಂದಗುಳನ್ನೂ ಬಿಡಲಾಗದು. ಆದ್ದರಿಂದ ಅವರು ಊಟಕ್ಕೆ ಕೈ ಹಚ್ಚುವ ಮೊದಲೇ ರೊಟ್ಟಿಯ ಒಂದು ಚೂರನ್ನು ಮುರಿದು, ಬೆಣ್ಣೆಯನ್ನು ಸವರಿದಂತೆ ಮಾಡಿ ಬದಿಗಿಡುತ್ತಿದ್ದರು. ಆ ಚೂರು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರುತ್ತಿರಲಿಲ್ಲ. ಅದನ್ನು ತಿಂದು ಬೆಳ್ಳಿ ಅವರ ಮೊಣಕಾಲಿಗೆ ತಲೆಯುಜ್ಜಿ ಹೊರಟುಬಿಡುತ್ತಿದ್ದಳು. ಇಬ್ಬರ ನಡುವಿನ ವ್ಯವಹಾರ ಅಷ್ಟಕ್ಕೇ ಮುಗಿಯುತ್ತಿತ್ತು.

ನಾಲ್ಕು ವರ್ಷಗಳ ಹಿಂದೆ ತಂದೆಯವರು ಲಿಂಗೈಕ್ಯರಾದರು. ಮರುದಿನದಿಂದಲೂ ಬೆಳ್ಳಿ ಊಟದ ಹೊತ್ತಿಗೆ ಸರಿಯಾಗಿ ಅವರು ಕೂರುತ್ತಿದ್ದ ಜಾಗದ ಎದುರು ಬಂದು ಕೂರುವಳು. ಯಾರೂ ಬಾರದಿರಲು ನಮ್ಮ ತಾಯಿಯವರ ಮುಖ ನೋಡುವಳು. ಆ ನೋಟವನ್ನು ತಾಯಿಯವರು ಹೇಗೆ ತಾಳಿಯಾರು? ಮೊದಲು ರೊಟ್ಟಿಯ ಚೂರು ಕೊಟ್ಟರು. ಬಳಿಕ ಚೂರಿಗೆ ಬೆಣ್ಣೆ ಹೆಚ್ಚಾಯಿತು. ಬೆಳಿಗ್ಗೆ ಎಮ್ಮೆಯ ಹಾಲಿನ ಒಂದು ಬಟ್ಟಲು, ಮಧ್ಯಾಹ್ನ ತುಪ್ಪದಲ್ಲಿ ಕಲಸಿದ ಅನ್ನ, ಸಂಜೆ ಕೆನೆ, ಹಬ್ಬ ಬಂದರೆ ಹೋಳಿಗೆಯ ತುಂಡು, ಯಾರಾದರೂ ಧಾರವಾಡದಿಂದ ಬಂದರೆ ಪೇಡೆ. ನಾವು ಒಮ್ಮೊಮ್ಮೆ, "ಸಾಕಲ್ಲವೇ ಅವ್ವ?" ಎಂದರೆ, "ಅದಕ್ಕೇನು ಬಾಯಿ ಬಿಟ್ಟು ಕೇಳಾಕ ಬರ್ತೈತೇನು? ತಿನ್ನಲಿ ಬಿಡು, ಮೂಕ ಜೀವ" ಎನ್ನುತ್ತಿದ್ದರು. ಆ ಮಾತಿನ ಹಿಂದೆ ಇದ್ದುದು ಏನೆಂದು ನಮಗೆ ತಿಳಿಯದಿರಲಿಲ್ಲ. ತಿಳಿದಿದ್ದರಿಂದಲೇ ನಾವೂ ಸುಮ್ಮನಾದೆವು. ಅಷ್ಟೇ ಅಲ್ಲ, ಮನೆಯ ಮಕ್ಕಳು, ಸೊಸೆಯಂದಿರು, ಬಂದು ಹೋಗುವ ಬೀಗರು, ಎಲ್ಲರೂ ಅವರವರ ಪಾಲಿನ ಒಂದೊಂದು ಚಮಚ ಸೇರಿಸಿದರು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ತಿಳಿಸುವ ಅಗತ್ಯ ಬೆಳ್ಳಿಗೂ ಇರಲಿಲ್ಲ!

ತಕ್ಕಡಿ ಹೇಳಿದ ಸತ್ಯ

ಒಂದು ದಿನ ಚೀಲದ ಮರೆಯಿಂದ ಇಲಿಯೊಂದು ಹೊರಬಂದು ಪಡಸಾಲೆಯನ್ನು ದಾಟಿತು. ಬೆಳ್ಳಿ ತಲೆಯೆತ್ತಿ ನೋಡಿದಳು, ಮತ್ತೆ ಮಲಗಿದಳು. ಮಕ್ಕಳು ನಕ್ಕರು. ಅದಾದ ಕೆಲವು ದಿನಗಳಿಗೆ ಅವಳು ಎಂದಿನಂತೆ ಚೀಲಗಳ ಮೇಲಿಂದ ಅಟ್ಟಕ್ಕೆ ನೆಗೆಯಲು ಹೋಗಿ ಅರ್ಧದಲ್ಲಿಯೇ ಜಾರಿ ನೆಲಕ್ಕೆ ಬಿದ್ದಳು. ಹಿಂಗಾಲನ್ನು ಊರಲಾಗದೆ ಕುಂಟುತ್ತ ಮೂಲೆ ಸೇರಿದಳು. ಈ ಸಲ ಯಾರೂ ನಗಲಿಲ್ಲ. ತಾಯಿಯವರು ಅವಳನ್ನು ಮಡಿಲಲ್ಲಿ ಹಾಕಿಕೊಂಡು ಮಾತಿಲ್ಲದೆ ಕುಳಿತರು. ಮರುದಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಪಶುವೈದ್ಯರ ಬಳಿಗೆ ಕರೆದೊಯ್ದೆವು.

ಮೂಳೆ ಮುರಿದಿರಲಿಲ್ಲ. ಆದರೆ ತಕ್ಕಡಿ 6 ಕಿಲೋ 200 ಗ್ರಾಂ ತೋರಿಸಿತು. "ಇದರ ಎಲುಬಿನ ಗಾತ್ರಕ್ಕೆ 4 ಕಿಲೋ ಸಾಕು" ಎಂದರು ವೈದ್ಯರು. ಎರಡು ಕಿಲೋ ಹೆಚ್ಚೆಂದರೆ ನಮಗೆ ದೊಡ್ಡದೆನಿಸದು. ಲೆಕ್ಕ ಹಾಕಿದರೆ, 60 ಕಿಲೋ ತೂಗಬೇಕಾದ ಮನುಷ್ಯ 93 ಕಿಲೋ ತೂಗಿದಂತೆ! ಈ ಭಾರವು ಕೀಲುಗಳನ್ನು ಸವೆಸುತ್ತದೆ, ಸಕ್ಕರೆ ಕಾಯಿಲೆಯನ್ನು ಕರೆತರುತ್ತದೆ, ಉಸಿರಾಟವನ್ನು ಕಷ್ಟವಾಗಿಸುತ್ತದೆ. ಮೈಯನ್ನು ನೆಕ್ಕಿ ಶುಚಿಗೊಳಿಸಿಕೊಳ್ಳುವ ಬೆಕ್ಕಿಗೆ ಬೆನ್ನಿನ ತುದಿಯೇ ನಿಲುಕದಂತಾಗುತ್ತದೆ. ಬೆಳ್ಳಿಯ ಸೊಂಟದ ಬಳಿ ಕೂದಲು ಗಂಟುಕಟ್ಟಿದ್ದಕ್ಕೆ ಕಾರಣ ಅಂದು ನಮಗೆ ತಿಳಿಯಿತು.

"ಅವ್ವಾರ, ದಿನಕ್ಕೆ ಎಷ್ಟು ತುಪ್ಪ ಹಾಕ್ತೀರಿ ಇದಕ್ಕ?" ಎಂದು ವೈದ್ಯರು ಕೇಳಿದರು.

"ಭಾಳ ಇಲ್ರೀ ಸಾಹೇಬ್ರ, ಒಂದ ಒಂದು ಚಮಚ" ಎಂದರು ತಾಯಿಯವರು.

ವೈದ್ಯರು ಮೆಲ್ಲನೆ ಲೆಕ್ಕ ಬಿಡಿಸಿ ಹೇಳಿದರು. ದುಡಿಯುವ ಮನುಷ್ಯನಿಗೆ ದಿನಕ್ಕೆ ಸುಮಾರು 2,000 ಕ್ಯಾಲರಿ ಶಕ್ತಿಯ ಆಹಾರ ಬೇಕು. ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿಯೇ ಇರುವ 4 ಕಿಲೋ ತೂಕದ ಬೆಕ್ಕಿಗೆ ಸುಮಾರು 200 ಕ್ಯಾಲರಿ ಸಾಕು, ಅಂದರೆ ಹತ್ತರಲ್ಲಿ ಒಂದು ಪಾಲು. ಒಂದು ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲರಿ. ಬೆಕ್ಕಿಗೆ ನಾವು ಹಾಕುವ ಒಂದು ಚಮಚವೆಂದರೆ ಮನುಷ್ಯನೊಬ್ಬ ಹತ್ತು ಚಮಚ ತುಪ್ಪ ತಿಂದುದಕ್ಕೆ ಸಮ. ಎಮ್ಮೆಯ ಹಾಲಿನ 150 ಮಿಲಿಲೀಟರಿನ ಒಂದು ಬಟ್ಟಲಿನಲ್ಲಿ ಸುಮಾರು 150 ಕ್ಯಾಲರಿ. ಅದು ಮನುಷ್ಯನೊಬ್ಬ ಒಂದೂವರೆ ಲೀಟರು ಹಾಲನ್ನು ಒಂದೇ ಸಲಕ್ಕೆ ಕುಡಿದಂತೆ. ಇವೆಲ್ಲವೂ ದಿನದ ಊಟದ ಮೇಲೆ!

ತಾಯಿಯವರ ಮುಖ ಬಾಡಿತು. "ನಾನ ಅದಕ್ಕ ಹಿಂಗ ಮಾಡಿದೆನಾ?" ಎಂದರು. ಪ್ರೀತಿಯಿಂದ ಮಾಡಿದ್ದು ಕೇಡಾಯಿತೆಂದು ತಿಳಿಯುವ ಗಳಿಗೆಗಿಂತ ಕಠಿಣವಾದುದು ಯಾವುದಿದ್ದೀತು?

ಹಾಲು, ಸಿಹಿ ಮತ್ತು ನಮ್ಮ ತಪ್ಪು ತಿಳಿವಳಿಕೆ

ಬೆಕ್ಕು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಹಾಲಿನ ಬಟ್ಟಲು. ನೆಲುವಿಗೆ ಹಾಲಿನ ಗಡಿಗೆ ತೂಗುಹಾಕುತ್ತಿದ್ದುದೂ ಬೆಕ್ಕಿನ ಭಯಕ್ಕೇ. ಬೆಕ್ಕಿಗೆ ಹಾಲು ರುಚಿಸುವುದು ನಿಜ. ಅದರ ಕೊಬ್ಬು ಮತ್ತು ವಾಸನೆ ಅದಕ್ಕೆ ಪ್ರಿಯ. ಆದರೆ ರುಚಿಸುವುದೆಲ್ಲವೂ ಒಗ್ಗುವುದಿಲ್ಲ. ಹಾಲಿನಲ್ಲಿರುವ ಸಕ್ಕರೆಯ ಅಂಶವನ್ನು ಅರಗಿಸುವ ಕಿಣ್ವವು ತಾಯಿಯ ಮೊಲೆ ಬಿಟ್ಟ ಮೇಲೆ ಬೆಕ್ಕಿನ ಕರುಳಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಆದುದರಿಂದ ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲಿನಿಂದ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ತಾಯಿಯಿಲ್ಲದ ಎಳೆಯ ಮರಿಗಳಿಗೂ ಹಸುವಿನ ಅಥವಾ ಎಮ್ಮೆಯ ಹಾಲು ತಾಯಿಹಾಲಿಗೆ ಸಾಟಿಯಾಗಲಾರದು. ಅಂತಹ ಮರಿ ಸಿಕ್ಕಿದರೆ ವೈದ್ಯರನ್ನು ಕೇಳಿಯೇ ಆಹಾರ ಕೊಡಬೇಕು. ಬೆಕ್ಕಿನ ನಿಜವಾದ ಪಾನೀಯ ನೀರು. ಅದರ ಪೂರ್ವಜರು ಒಣನೆಲದ ಪ್ರಾಣಿಗಳಾದುದರಿಂದ ಬಾಯಾರಿಕೆಯನ್ನು ಅದು ತೋರಿಸುವುದು ಕಡಿಮೆ. ಕುಡಿಯುವ ನೀರು ಕಡಿಮೆಯಾದರೆ ಮೂತ್ರದ ತೊಂದರೆ ಬಂದೀತು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿತೆಂದರೆ ಜೀವಕ್ಕೇ ಅಪಾಯ. ಆದ್ದರಿಂದ ಎರಡು ಮೂರು ಕಡೆ ಅಗಲವಾದ ಪಾತ್ರೆಗಳಲ್ಲಿ ಶುದ್ಧ ನೀರು ಇಟ್ಟಿರುವುದು ಹಾಲಿಗಿಂತ ದೊಡ್ಡ ಉಪಕಾರ.

ಇನ್ನು ಸಿಹಿಯ ಮಾತು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು! ಸಿಹಿಯನ್ನು ಗುರುತಿಸುವ ನಾಲಗೆಯ ಗ್ರಾಹಿಗೆ ಬೇಕಾದ ಒಂದು ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆಯೆಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಪೇಡೆಯನ್ನು ಬೆಳ್ಳಿ ತಿನ್ನುತ್ತಿದ್ದುದು ಅದರ ಖೋವೆಯ ಕೊಬ್ಬಿಗಾಗಿ. ಸಕ್ಕರೆಯನ್ನು ಅವಳು ಸವಿಯಲೂ ಇಲ್ಲ, ಅದರ ಭಾರವನ್ನು ಹೊರದೆ ಉಳಿಯಲೂ ಇಲ್ಲ. ಹಬ್ಬದ ಹೋಳಿಗೆಯನ್ನು ಬೆಕ್ಕಿಗೆ ಕೊಡದಿದ್ದರೆ ಪಾಪವೆಂದು ಮರುಗುವ ತಾಯಂದಿರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಸಾಕು.

ನಮ್ಮ ಆಚಾರ, ಅದರ ದೇಹಧರ್ಮ

ಇಲ್ಲಿ ನಮ್ಮಂತಹ ಮನೆಗಳವರು ಎದುರಿಸಲೇಬೇಕಾದ ಒಂದು ಸೂಕ್ಷ್ಮ ಪ್ರಶ್ನೆಯಿದೆ. ನಾವು ಸಸ್ಯಾಹಾರಿಗಳು; ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ರೊಟ್ಟಿ, ಹಾಲು, ಅನ್ನಗಳಲ್ಲಿಯೇ ಅದನ್ನು ಸಾಕಬಹುದೆಂಬುದು ಹಲವರ ನಂಬಿಕೆ. ಹಿಂದೆ ಹಾಗೆ ಸಾಕಿದಂತೆ ಕಂಡದ್ದಕ್ಕೆ ಕಾರಣ ಬೇರೆ. ಹಗಲು ನಮ್ಮ ಮನೆಯ ರೊಟ್ಟಿ ತಿಂದ ಬೆಕ್ಕು ರಾತ್ರಿ ತನ್ನ ಊಟವನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಒಂದು ಚಿಕ್ಕ ಇಲಿಯಲ್ಲಿ ಸುಮಾರು 30 ಕ್ಯಾಲರಿಯಿದ್ದು, ಅಂತಹ ಏಳೆಂಟು ಸಣ್ಣ ಬೇಟೆಗಳೇ ಬೆಕ್ಕಿನ ಒಂದು ದಿನದ ಆಹಾರ. ಬೇಟೆಯನ್ನು ಬಿಟ್ಟು ನಮ್ಮ ತಾಟನ್ನೇ ನಂಬಿ ಕುಳಿತ ಬೆಕ್ಕಿಗೆ ಆ ಪೋಷಣೆ ಎಲ್ಲಿಂದ ಬರಬೇಕು?

ಟಾರಿನ್ ಎಂಬ ಒಂದು ಪೋಷಕಾಂಶವಿದೆ. ಮನುಷ್ಯನ ದೇಹ ಅದನ್ನು ತಾನೇ ತಯಾರಿಸಿಕೊಳ್ಳಬಲ್ಲದು; ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಿಕೊಳ್ಳಲಾಗದು. ಅದು ಮಾಂಸ, ಮೀನುಗಳಲ್ಲಿದೆ. ಧಾನ್ಯದಲ್ಲಿ ಇಲ್ಲವೆಂದೇ ಹೇಳಬಹುದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸೋಲುವುದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ಕಂಡುಹಿಡಿದರು. ಆ ಬಳಿಕ ಬೆಕ್ಕಿನ ಸಿದ್ಧ ಆಹಾರಗಳಿಗೆ ಟಾರಿನ್ ಸೇರಿಸುವುದು ರೂಢಿಗೆ ಬಂದಿತು. ಬೆಳ್ಳಿ ಕೊಬ್ಬಿದ್ದಳು, ನಿಜ. ಆದರೆ ಅವಳಿಗೆ ಬೇಕಾದ ಪೋಷಣೆ ಸಿಗುತ್ತಿರಲಿಲ್ಲ. ಹೊಟ್ಟೆ ತುಂಬಿಯೂ ಒಳಗೆ ಹಸಿದಿದ್ದಳೆಂದರೆ ತಪ್ಪಾಗಲಾರದು.

ಸಿದ್ಧ ಆಹಾರದ ಪಾಕೀಟನ್ನು ಮನೆಗೆ ತರುವ ಮಾತು ಬಂದಾಗ ನಮ್ಮಲ್ಲಿಯೂ ಚರ್ಚೆಯಾಯಿತು. ಅದರಲ್ಲಿ ಮೀನು, ಮಾಂಸದ ಅಂಶವಿರುವುದನ್ನು ವೈದ್ಯರು ಮುಚ್ಚಿಡಲಿಲ್ಲ. ಹಿರಿಯರಿರುವ ಮನೆ, ಏನು ಹೇಳುವರೋ ಎಂದು ನಾವು ಅಳುಕುತ್ತಿದ್ದೆವು. ತಾಯಿಯವರು ಬಹಳ ಹೊತ್ತು ಯೋಚಿಸಿ, "ನಮ್ಮ ಆಚಾರ ನಮಗ, ಅದರ ಹೊಟ್ಟಿ ಅದಕ್ಕ. ಆದ್ರ ಅದರ ತಾಟು ಹಿತ್ತಲದಾಗ ಇರ್ಲಿ, ಅಡಗಿ ಮನಿಗೆ ಬರೋದು ಬ್ಯಾಡ" ಎಂದರು. ಅಂದಿನಿಂದ ಹಿತ್ತಲಿನ ಕಟ್ಟೆಯ ಮೇಲೆ ಅವಳಿಗೊಂದು ಬೇರೆ ತಾಟು, ಬೇರೆ ಡಬ್ಬಿ. ಪ್ರತಿಯೊಂದು ಮನೆಯೂ ಹೀಗೆಯೇ ನಿರ್ಧರಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಬೆಕ್ಕನ್ನು ಸಾಕುವ ಮೊದಲು ಈ ಪ್ರಶ್ನೆಯನ್ನು ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳುವುದು ಲೇಸು. ಇದು ಸಲ್ಲದೆನಿಸಿದರೆ ಹುಲ್ಲು ಮೇಯುವ ಮೊಲವನ್ನೋ ಆಕಳ ಕರುವನ್ನೋ ಸಾಕಿ ಅಕ್ಕರೆ ತೋರಬಹುದಲ್ಲವೇ?

ಕೊಡಬಾರದವು

ಮಿತಿಯಲ್ಲಿ ಕೊಡಬಹುದಾದ ತಿನಿಸುಗಳು ಬೇರೆ; ಎಷ್ಟು ಸಣ್ಣ ಪ್ರಮಾಣದಲ್ಲಿಯೂ ಕೊಡಬಾರದವು ಬೇರೆ. ಇವೆರಡರ ಭೇದವನ್ನು ಮನೆಯ ಮಕ್ಕಳಿಗೂ ತಿಳಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾದವು ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ. ಹಸಿಯಿರಲಿ, ಬೇಯಿಸಿದ್ದಿರಲಿ, ಒಣಗಿಸಿ ಪುಡಿ ಮಾಡಿದ್ದಿರಲಿ, ಇವು ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆದು ರಕ್ತಹೀನತೆಯನ್ನು ತರುತ್ತವೆ. ಆದುದರಿಂದ ಝುಣಕ, ಒಗ್ಗರಣೆ ಹಾಕಿದ ಮಜ್ಜಿಗೆ, ಪಲ್ಯ, ಚಟ್ನಿಪುಡಿ ಹಚ್ಚಿದ ರೊಟ್ಟಿ, ಜಾತ್ರೆಯಿಂದ ತಂದ ಮಿರ್ಚಿ, ಇವಾವುವೂ ಬೆಕ್ಕಿನ ಬಾಯಿಗೆ ಬೀಳಬಾರದು. ಚಾಕೊಲೇಟು, ಚಹಾ, ಕಾಫಿ ಸಲ್ಲವು. ದ್ರಾಕ್ಷಿ, ಒಣದ್ರಾಕ್ಷಿಗಳನ್ನು ದೂರವಿಡುವುದೇ ಕ್ಷೇಮ. ಪಾಯಸದಲ್ಲಿ ಅವು ಇರುವುದನ್ನು ನಾವು ಮರೆಯುತ್ತೇವೆ.

ತಿನಿಸಲ್ಲದಿದ್ದರೂ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಬೆಕ್ಕಿಗೆ ಜ್ವರ ಬಂದಂತೆ ಕಂಡಿತೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಬೆಣ್ಣೆಯಲ್ಲಿಟ್ಟು ನುಂಗಿಸುವವರಿದ್ದಾರೆ. ಅದು ಬೆಕ್ಕಿಗೆ ಘೋರ ವಿಷ. ಆ ಒಂದು ಬೆಣ್ಣೆಯ ಉಂಡೆ ಅದರ ಕೊನೆಯ ತುತ್ತಾಗಬಹುದು. ಮನುಷ್ಯರ ಔಷಧವನ್ನು ವೈದ್ಯರ ಮಾತಿಲ್ಲದೆ ಎಂದಿಗೂ ಕೊಡಕೂಡದು.

ನಾವು ಮಾಡಿದ ಎರಡನೆಯ ತಪ್ಪು

ವೈದ್ಯರ ಮಾತು ಕೇಳಿ ಬಂದ ಉತ್ಸಾಹದಲ್ಲಿ ನಾವು ಮರುದಿನವೇ ಎಲ್ಲ ತಿನಿಸನ್ನೂ ನಿಲ್ಲಿಸಿಬಿಟ್ಟೆವು. ಹಿತ್ತಲಿನ ಹೊಸ ತಾಟಿನಲ್ಲಿ ಹೊಸ ಆಹಾರವನ್ನು ಅಳೆದಿಟ್ಟೆವು. ಬೆಳ್ಳಿ ಅದನ್ನು ಮೂಸಿ ನೋಡಿ ಹೊರಟುಹೋದಳು. ಒಂದು ದಿನ ಕಳೆಯಿತು, ಅವಳು ಮುಟ್ಟಲಿಲ್ಲ. ಹಸಿವಾದರೆ ತಾನೇ ತಿನ್ನುತ್ತಾಳೆಂದು ನಾವು ಗಟ್ಟಿಯಾಗಿ ಕುಳಿತೆವು. ಒಳಗೆ ತಾಯಿಯವರೂ ಅಂದು ಅರ್ಧ ರೊಟ್ಟಿಗೇ ಕೈ ತೊಳೆದುಕೊಂಡರು.

ಮರುದಿನ ವೈದ್ಯರಿಗೆ ಫೋನು ಮಾಡಿದಾಗ ಅವರು ಗಾಬರಿಗೊಂಡರು. ಕೊಬ್ಬಿದ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ, ಪ್ರಾಣಕ್ಕೇ ಎರವಾಗುವ ಕಾಯಿಲೆ ಬರಬಹುದಂತೆ. ನಮ್ಮ ಉಪವಾಸದ ನಿಯಮ ಬೆಕ್ಕಿಗೆ ಸಲ್ಲದು. ಹಳೆಯ ಆಹಾರದಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಒಂದೆರಡು ವಾರಗಳಲ್ಲಿ ಬದಲಿಸಬೇಕು; ತೂಕ ಇಳಿಯುವುದೂ ವಾರಕ್ಕೆ ನೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರಬೇಕು, ಅಂದರೆ ಬೆಳ್ಳಿಗೆ ಸುಮಾರು 60 ಗ್ರಾಂ, ಎಂದು ಅವರು ತಿಳಿಸಿದರು. ಹಾಗೆಯೇ, "ತಿನಿಸನ್ನು ಪೂರ್ತಿ ನಿಲ್ಲಿಸಿರೆಂದು ನಾನು ಹೇಳಲೇ ಇಲ್ಲವಲ್ಲ!" ಎಂದೂ ಅಂದರು.

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಸೂತ್ರ ಸರಳವಾದುದು. ದಿನದ ಆಹಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಮತೋಲನದ ಊಟವಿರಲಿ. ಉಳಿದ ಒಂದು ಪಾಲನ್ನು ಮೀರದಂತೆ ತಿನಿಸಿರಲಿ. 200 ಕ್ಯಾಲರಿಯ ಬೆಕ್ಕಿಗೆ 20 ಕ್ಯಾಲರಿಯ ತಿನಿಸು. ಆ 20 ಕ್ಯಾಲರಿಯನ್ನು ಊಟದಿಂದ ಕಳೆಯಬೇಕೇ ಹೊರತು ಊಟದ ಮೇಲೆ ಕೂಡಿಸಬಾರದು. ಉಪ್ಪು, ಖಾರ ಹಾಕದ ಪನೀರಿನ ಕಡಲೆಕಾಳಿನಷ್ಟು ಒಂದೆರಡು ಚೂರು, ಅರ್ಧ ಚಮಚ ಮೊಸರು, ಸಪ್ಪೆಯಾಗಿ ಬೇಯಿಸಿದ ಕುಂಬಳಕಾಯಿಯ ತುಣುಕು, ಇವು ನಮ್ಮ ಅಡುಗೆಮನೆಯಲ್ಲಿಯೇ ಸಿಗುವಂಥವು. ಹೊಟ್ಟೆ ಕೆಟ್ಟರೆ ಅದನ್ನೂ ನಿಲ್ಲಿಸಬೇಕು.

ಈ ಅಳತೆಯನ್ನು ಕೇಳಿದ ತಾಯಿಯವರು ಒಂದು ಕ್ಷಣ ಸುಮ್ಮನಿದ್ದು, ರೊಟ್ಟಿಯ ಒಂದು ಚೂರನ್ನು ಮುರಿದು ಅಂಗೈಯಲ್ಲಿಟ್ಟು ತೋರಿಸಿ, "ಇಷ್ಟಾದ್ರ ನಡೀತೈತೇನು?" ಎಂದು ಕೇಳಿದರು. ಹೆಬ್ಬೆರಳಿನ ಉಗುರಿನಷ್ಟು ಚೂರು. ಅದರ ಮೇಲೆ ಬೆಣ್ಣೆ ಸವರಿದ ಗುರುತು. ಅದರಲ್ಲಿ 10 ಕ್ಯಾಲರಿಯೂ ಇರಲಾರದು. ನಮ್ಮ ತಂದೆಯವರು ಯಾವ ಲೆಕ್ಕವನ್ನೂ ಕಲಿಯದೆ, ಯಾವ ವೈದ್ಯರನ್ನೂ ಕೇಳದೆ ದಿನವೂ ಕೊಡುತ್ತಿದ್ದುದು ಅಷ್ಟನ್ನೇ ಅಲ್ಲವೇ!

ಬೆಳಗಿನ ಡಬ್ಬಿ

ಒಂದು ಕೈ ಅಳತೆ ಕಲಿತರೆ ಸಾಲದು. ಹತ್ತು ಕೈಗಳ ಮನೆಯಲ್ಲಿ ಹತ್ತೂ ಕೈಗಳು ಕಲಿಯಬೇಕು. ಅದಕ್ಕೆ ನಮ್ಮ ಸೊಸೆಯೊಬ್ಬರು ಒಂದು ಉಪಾಯ ಹುಡುಕಿದರು. ಬೆಳಿಗ್ಗೆಯೇ ಅಂದಿನ ಪಾಲಿನ ತಿನಿಸನ್ನೆಲ್ಲ ಒಂದು ಚಿಕ್ಕ ಸ್ಟೀಲಿನ ಡಬ್ಬಿಯಲ್ಲಿ ತುಂಬಿಡುವುದು. ಯಾರೇ ಕೊಡಲಿ, ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಬರಿದಾಯಿತೆಂದರೆ ಅಂದಿಗೆ ಮುಗಿಯಿತು. ಮಕ್ಕಳು ಒಂದೊಂದು ಕಾಳನ್ನು ಮೆಟ್ಟಿಲ ಮೇಲೆ, ಚೀಲದ ಹಿಂದೆ ಅಡಗಿಸಿಟ್ಟು ಬೆಳ್ಳಿಯಿಂದ ಹುಡುಕಿಸುತ್ತಾರೆ. ತಿನಿಸು ಹೆಚ್ಚಾಗದೆ ಆಟ ಹೆಚ್ಚಾಯಿತು. ಅವಳು ಮಿಯಾಂವೆಂದಾಗಲೆಲ್ಲ ಹಸಿದಿದ್ದಾಳೆಂದು ತಿಳಿಯುವುದನ್ನೂ ನಾವು ಬಿಟ್ಟೆವು. ಎಷ್ಟೋ ಸಲ ಅವಳಿಗೆ ಬೇಕಾದುದು ಒಂದು ಸಲ ತಲೆ ನೇವರಿಸುವ ಕೈ, ಇಲ್ಲವೇ ಎಳೆದಾಡಲು ಒಂದು ದಾರದ ತುಂಡು. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಲು ಮಾತ್ರ ಮರೆಯಬಾರದು. ನುಂಗಿದರೆ ಕರುಳಿಗೆ ಅಪಾಯ.

ತಿಂಗಳಿಗೆ ಎರಡು ಸಲ ಅವಳನ್ನು ಚೀಲದಲ್ಲಿ ಕೂರಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸುತ್ತಿದ್ದೆವು. ತಕ್ಕಡಿಯಿಲ್ಲದವರು ಕೈಯಿಂದಲೇ ಪರೀಕ್ಷಿಸಬಹುದು. ಪಕ್ಕೆಗಳ ಮೇಲೆ ಮೆಲ್ಲನೆ ಬೆರಳಾಡಿಸಿದರೆ ಎಲುಬುಗಳು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ತುಸು ಒಳಸರಿದಿರಬೇಕು. ಹತ್ತು ತಿಂಗಳಲ್ಲಿ ಬೆಳ್ಳಿ 4 ಕಿಲೋ 500 ಗ್ರಾಮಿಗೆ ಇಳಿದಳು. ಒಂದು ನಸುಕಿನಲ್ಲಿ ಅಟ್ಟದ ಮೇಲೆ ಏನೋ ಸದ್ದಾಯಿತು. ದೀಪ ಹಚ್ಚಿ ನೋಡಿದರೆ ಅವಳು ಅಲ್ಲಿ ಕುಳಿತು ಕೆಳಗಿದ್ದ ನಮ್ಮನ್ನೆಲ್ಲ ದಿಟ್ಟಿಸುತ್ತಿದ್ದಳು. ತಾಯಿಯವರ ಮುಖದಲ್ಲಿ ಅಂದು ಮೂಡಿದ ನಗುವನ್ನು ನಾವು ಬಹಳ ದಿನಗಳಿಂದ ಕಂಡಿರಲಿಲ್ಲ.

ಕೊಡುವವರ ತೃಪ್ತಿ, ಉಣ್ಣುವವರ ಹಿತ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಹಾದಾಸೋಹವನ್ನು ಕಂಡವರಿಗೆ ಗೊತ್ತು, ಅಲ್ಲಿ ಊರೂರುಗಳಿಂದ ಬಂದ ರೊಟ್ಟಿಯ ರಾಶಿಯೇ ಇರುತ್ತದೆ. ಹಾಗಿದ್ದರೂ ಬಡಿಸುವವರು ತಾಟಿನ ಮುಂದೆ ನಿಂತು, ಉಣ್ಣುವವರ ಮುಖ ನೋಡಿ ಬಡಿಸುತ್ತಾರೆ. ರಾಶಿ ದೊಡ್ಡದೆಂದು ಒಂದೇ ತಾಟಿಗೆ ಸುರಿಯುವುದಿಲ್ಲ. ದಾಸೋಹಕ್ಕೂ ದಾನಕ್ಕೂ ನಮ್ಮ ಹಿರಿಯರು ಕಂಡ ಭೇದವೂ ಇದೇ ಅಲ್ಲವೇ? ದಾನದಲ್ಲಿ ಕೊಡುವವನು ಮುಂದೆ ನಿಲ್ಲುತ್ತಾನೆ. ದಾಸೋಹದಲ್ಲಿ ಉಣ್ಣುವ ಜೀವ ಮುಂದೆ ನಿಲ್ಲುತ್ತದೆ. ನಾವು ಬೆಳ್ಳಿಯ ಬಟ್ಟಲಿಗೆ ಸುರಿಯುತ್ತಿದ್ದಾಗ ನಮ್ಮ ಕಣ್ಣೆದುರು ಇದ್ದುದು ಅವಳ ಹಿತವಲ್ಲ. ಅಲ್ಲಿ ನಮ್ಮ ತೃಪ್ತಿಯಿದ್ದಿತು, ನಮ್ಮ ದುಃಖವೂ ಇದ್ದಿತು. ದುಃಖವನ್ನು ಹಂಚಿಕೊಳ್ಳುವುದು ತಪ್ಪಲ್ಲ. ಅದನ್ನು ಒಂದು ಪುಟ್ಟ ಪ್ರಾಣಿಯ ಹೊಟ್ಟೆಗೆ ತುಂಬಬಾರದಷ್ಟೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ನಿಮ್ಮ ಮನೆಯ ಬೆಕ್ಕಿಗೆ ತಿನಿಸು ಕೊಡಿರಿ, ಅವಶ್ಯ ಕೊಡಿರಿ. ಕೊಡುವ ಕೈಗೂ ಅದರಿಂದ ನೆಮ್ಮದಿಯಿದೆ. ಆದರೆ ಬೆಕ್ಕು ನೋಡುವುದು ಕೈಯನ್ನೇ ಹೊರತು ಕೈಯಲ್ಲಿರುವುದರ ತೂಕವನ್ನಲ್ಲ.

ಈಗಲೂ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬೆಳ್ಳಿ ಬಂದು ಅದೇ ಜಾಗದಲ್ಲಿ ಕೂರುತ್ತಾಳೆ. ತಾಯಿಯವರು ಕೈ ಹಚ್ಚುವ ಮೊದಲು ಉಗುರಿನಷ್ಟು ರೊಟ್ಟಿ ಮುರಿದು, ಬೆಣ್ಣೆ ಸವರಿ ಬದಿಗಿಡುತ್ತಾರೆ. ಅವಳು ತಿಂದು, ಅವರ ಮೊಣಕಾಲಿಗೆ ತಲೆಯುಜ್ಜಿ ಹೊರಟುಹೋಗುತ್ತಾಳೆ. ಆ ಮೇಲೆ ತಾಯಿಯವರು ಊಟಕ್ಕೆ ತೊಡಗುತ್ತಾರೆ.